ಹಳೆಯ ಔಟ್‌ಬೋರ್ಡ್‌ನಲ್ಲಿ ಸ್ಪಾರ್ಕ್ ಇಲ್ಲವೇ? ಸಿಡಿಐ ಕೊಳ್ಳುವ ಮುಂಚೆ ಇಷ್ಟು ನೋಡಿ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿಯುತ್ತಲೇ 10 ಅಶ್ವಶಕ್ತಿ ಮೀರಿದ ಔಟ್‌ಬೋರ್ಡ್‌ಗಳು (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್‌ಗಳು) ಶೆಡ್ಡಿನಿಂದ ಹೊರಬರುತ್ತವೆ. ಎರಡು ತಿಂಗಳು ಉಪ್ಪಿನ ಪಸೆಯಲ್ಲೇ ಕೂತ ಎಂಜಿನ್‌ಗೆ ಎಷ್ಟು ಹಗ್ಗ ಎಳೆದರೂ ಜೀವ ಬರುವುದಿಲ್ಲ. ‘ಸಿಡಿಐ ಹೋಗಿದೆ’, ಅಂದರೆ ಪ್ಲಗ್‌ಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟಿದೆ ಎಂದು ದಡದಲ್ಲಿ ನಿಂತವರೇ ತೀರ್ಪು ಕೊಟ್ಟುಬಿಡುತ್ತಾರೆ. ಬಹಳಷ್ಟು ಸಲ ಹೋಗಿರುವುದು ಅದಲ್ಲ. ಸಿಡಿಐ ದುಬಾರಿ ಸಾಮಾನು, ಅನುಮಾನದ ಸಾಲಿನಲ್ಲಿ ಅದು ಕೊನೆಗೆ ನಿಲ್ಲಬೇಕು. ಕೈಯಿಂದ ಹಗ್ಗ ಎಳೆದು ಸ್ಟಾರ್ಟ್ ಮಾಡುವ, ಎರಡು ಸಿಲಿಂಡರ್‌ನ ಟೂ ಸ್ಟ್ರೋಕ್ ಎಂಜಿನ್‌ಗಳನ್ನು ಪರೀಕ್ಷಿಸುವ ಕ್ರಮ ಇಲ್ಲಿದೆ.

ಬೇಕಾಗುವುದು: 21 ಮಿ.ಮೀ. ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಮಲ್ಟಿಮೀಟರ್, ಸ್ಪಾರ್ಕ್ ಟೆಸ್ಟರ್, ನಯವಾದ ಎಮರಿ ಪೇಪರ್, ಒಂದು ಜೊತೆ ಹೊಸ ಪ್ಲಗ್.

1. ಎರಡೂ ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ತೊಂದರೆ ಇಂಧನದ ಕಡೆ, ಇಗ್ನಿಷನ್‌ಗೆ ಕೈಹಾಕಬೇಡಿ. ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಸೀಮೆಎಣ್ಣೆ ಎಂಜಿನ್‌ನಲ್ಲಿ ಇನ್ನೊಂದು ಸಾಧ್ಯತೆಯಿದೆ: ಹಿಂದಿನ ದಿನ ಸೀಮೆಎಣ್ಣೆಯಲ್ಲೇ ಎಂಜಿನ್ ನಿಲ್ಲಿಸಿದ್ದರೆ ಕಾರ್ಬ್ಯುರೇಟರ್‌ನಲ್ಲಿ ಅದೇ ಉಳಿದಿರುತ್ತದೆ. ತಣ್ಣಗಿನ ಎಂಜಿನ್‌ನಲ್ಲಿ ಅದು ಆವಿಯಾಗದೆ ಪ್ಲಗ್ಗನ್ನು ತೋಯಿಸುತ್ತದೆ. ಹಾಗಾಗಿಯೇ ದಡ ಸೇರುವ ಕೆಲವು ನಿಮಿಷ ಮೊದಲು ಪೆಟ್ರೋಲ್‌ಗೆ ತಿರುಗಿಸಬೇಕು.

ಪ್ಲಗ್‌ನ ನಂಬರನ್ನೂ ಓದಿ. ಬಿ7ಎಚ್ಎಸ್ ಹಾಕಬೇಕಾದಲ್ಲಿ ಬಿ7ಇಎಸ್ ಹಾಕಿರುವುದನ್ನು ಕಾಣಬಹುದು. ಸ್ಪ್ಯಾನರ್ ಒಂದೇ, ಮರೆಯೂ (ತಿರುಪಿನ ಸುತ್ತು) ಒಂದೇ. ಆದರೆ ಮೊದಲನೆಯದರ ಮರೆಯ ಉದ್ದ 12.7 ಮಿ.ಮೀ., ಎರಡನೆಯದರದ್ದು 19 ಮಿ.ಮೀ. ಉದ್ದದ್ದು ಪಿಸ್ಟನ್‌ಗೆ ಬಡಿಯಬಹುದು. ನಂಬರಿನ ಕೊನೆಗೆ ‘-10’ ಇದ್ದರೆ ಗ್ಯಾಪ್ 1.0 ಮಿ.ಮೀ.; ಇಲ್ಲದಿದ್ದರೆ ಎಂಜಿನ್ ಕೈಪಿಡಿ ಹೇಳಿದಷ್ಟೇ ಇಡಿ.

2. ಸ್ಪಾರ್ಕ್ ಪರೀಕ್ಷೆ. ಸಿಲಿಂಡರ್‌ನಿಂದ ಚಿಮ್ಮಿದ ಪೆಟ್ರೋಲ್ ಒರೆಸಿ, ಟ್ಯಾಂಕ್ ದೂರವಿಡಿ. ಟೆಸ್ಟರ್ ಇಲ್ಲದಿದ್ದರೆ ಹೊಸ ಪ್ಲಗ್ಗನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಪ್ಲಗ್ ತೂತಿನಿಂದ ದೂರ, ಪೇಂಟ್ ಇಲ್ಲದ ಜಾಗದಲ್ಲಿ ಎಂಜಿನ್‌ಗೆ ತಂತಿಯಿಂದ ಬಿಗಿದು ಕಟ್ಟಿ. ಕೈಯಲ್ಲಿ ಹಿಡಿದು ನೋಡುವ ಹಳೇ ಚಾಳಿ ಬಿಡಿ. ಎರಡೂ ಕ್ಯಾಪ್‌ಗೆ ಅರ್ತ್ ಆದ ಪ್ಲಗ್ ಇರಲೇಬೇಕು: ಬಾಯಿ ತೆರೆದ ಲೀಡ್‌ನಲ್ಲಿ ಹಗ್ಗ ಎಳೆದರೆ ಹೈವೋಲ್ಟೇಜ್‌ಗೆ ಹೋಗಲು ದಾರಿಯಿಲ್ಲದೆ ಕಾಯಿಲ್ (ವೋಲ್ಟೇಜ್ ಏರಿಸುವ ಸುರುಳಿ) ಅಥವಾ ಸಿಡಿಐ ಸುಡಬಹುದು.

ನೆರಳಿನಲ್ಲಿ ನಿಂತು ಹಗ್ಗವನ್ನು ಜೋರಾಗಿ ಎಳೆಯಿರಿ. ಬ್ಯಾಟರಿಯಿಲ್ಲದ ಈ ವ್ಯವಸ್ಥೆಯಲ್ಲಿ ಕರೆಂಟ್ ಹುಟ್ಟುವುದೇ ಫ್ಲೈವೀಲ್ ತಿರುಗುವ ವೇಗದಿಂದ; ಮೆಲ್ಲಗೆ ಎಳೆದರೆ ಒಳ್ಳೆಯ ಎಂಜಿನ್‌ನಲ್ಲೂ ಸ್ಪಾರ್ಕ್ ಬರದು. ಚಟ್ ಎಂಬ ಸದ್ದಿನ ನೀಲಿ ಕಿಡಿ ಬಂದರೆ ಸರಿ. ಸಪೂರವಾದ, ಹಳದಿ ಕಿಡಿ ಬಂದರೆ ಸಾಲದು.

3. ಎರಡರಲ್ಲೂ ಸ್ಪಾರ್ಕ್ ಇಲ್ಲದಿದ್ದರೆ ಮೊದಲು ಸ್ಟಾಪ್ ಸ್ವಿಚ್. ಎಂಜಿನ್ ನಿಲ್ಲುವುದು ಇಗ್ನಿಷನ್ನಿನ ಕರೆಂಟ್ ಅರ್ತ್ ಆದಾಗ. ಸ್ವಿಚ್ಚಿನೊಳಗೆ ಉಪ್ಪುನೀರು ಇಳಿದು ಕಿಲುಬು ಕಟ್ಟಿದರೆ, ಯಾರೂ ಮುಟ್ಟದೆಯೇ ಅದು ಸದಾ ‘ನಿಲ್ಲಿಸು’ ಎನ್ನುತ್ತಲೇ ಇರುತ್ತದೆ. ಲ್ಯಾನ್ಯಾರ್ಡ್‌ನ (ಎಳೆದರೆ ಎಂಜಿನ್ ನಿಲ್ಲಿಸುವ ಸುರಕ್ಷತಾ ದಾರ) ಕ್ಲಿಪ್ ಕೂತಿದೆಯೇ ನೋಡಿ, ಬಳಿಕ ಸಿಡಿಐ ಕಡೆಯಿಂದ ಸ್ಟಾಪ್ ತಂತಿಯ ಕನೆಕ್ಟರ್ ಬಿಚ್ಚಿ. ಯಮಾಹಾದಲ್ಲಿ ಸಾಮಾನ್ಯವಾಗಿ ಅದು ಬಿಳಿ ತಂತಿ, ಅರ್ತ್ ಕಪ್ಪು. ಈಗ ಸ್ಪಾರ್ಕ್ ಬಂದರೆ ಕೆಟ್ಟಿರುವುದು ಸ್ವಿಚ್ ಅಥವಾ ಅದರ ತಂತಿ. ಈ ತಂತಿ ಬಿಚ್ಚಿಟ್ಟು ಎಂಜಿನ್ ಸ್ಟಾರ್ಟ್ ಮಾಡಿದರೆ ಸ್ವಿಚ್ ಒತ್ತಿ ನಿಲ್ಲಿಸಲಾಗದು. ಚೋಕ್ ಎಳೆದು ನಿಲ್ಲಿಸಬೇಕು.

4. ಅರ್ತ್. ಸಿಡಿಐ ಮತ್ತು ಕಾಯಿಲ್‌ನ ಕಪ್ಪು ತಂತಿಗಳು ಬ್ಲಾಕಿಗೆ ಬೋಲ್ಟ್ ಆಗಿರುವ ಕಡೆ ಬಿಚ್ಚಿ, ತಂತಿ ತುದಿಯ ಲಗ್ಗಿನ ಹಸಿರು ಕಿಲುಬನ್ನೂ ಅಲ್ಯೂಮಿನಿಯಂನ ಬಿಳಿ ಪುಡಿಯನ್ನೂ ಎಮರಿಯಿಂದ ತಿಕ್ಕಿ. ಹೊರಗೆ ಹೊಳೆಯುವ ತಂತಿಯ ರಬ್ಬರಿನೊಳಗೆ ತಾಮ್ರ ಕಪ್ಪಾಗಿ ಪುಡಿಯಾಗಿರುವುದುಂಟು. ಬಗ್ಗಿಸಿ ನೋಡಿ, ಮೆತ್ತಗೆ ಹಗ್ಗದಂತೆ ಬಾಗಿದರೆ ಒಳಗೆ ತುಂಡಾಗಿದೆ.

5. ಒಂದರಲ್ಲಿ ಮಾತ್ರ ಇಲ್ಲ ಎಂದಾದರೆ ಆ ಕಡೆಯ ಕ್ಯಾಪ್ ಮತ್ತು ಲೀಡ್ ನೋಡಿ. ತಿರುಗಿಸಿ ಬಿಚ್ಚುವ ಕ್ಯಾಪ್ ಆಗಿದ್ದರೆ ತೆಗೆದು, ಲೀಡಿನ ತುದಿಯಲ್ಲಿ 5–6 ಮಿ.ಮೀ. ಕತ್ತರಿಸಿ, ಹೊಸ ತಾಮ್ರಕ್ಕೆ ಕಚ್ಚುವಂತೆ ಮತ್ತೆ ತಿರುಗಿಸಿ. ಇಷ್ಟಕ್ಕೇ ಸರಿಹೋಗುವ ಎಂಜಿನ್‌ಗಳು ಬೇಕಷ್ಟು. ಪ್ರತ್ಯೇಕ ಕಾಯಿಲ್‌ಗಳಿದ್ದರೆ ಅದಲು ಬದಲು ಮಾಡಿ. ದೋಷ ಕಾಯಿಲ್ ಹಿಂದೆಯೇ ಹೋದರೆ ಅಪರಾಧಿ ಸಿಕ್ಕಂತೆ.

6. ಮಲ್ಟಿಮೀಟರ್. ಇಗ್ನಿಷನ್ ಕಾಯಿಲ್‌ನ ಪ್ರೈಮರಿ ಸಾಮಾನ್ಯವಾಗಿ ಒಂದು ಓಮ್‌ಗಿಂತ ಕಡಿಮೆ, ಸೆಕೆಂಡರಿ ಕಿಲೋಓಮ್‌ಗಳಲ್ಲಿ ಇರುತ್ತದೆ. ಸಿಡಿಐಗೆ ಕರೆಂಟ್ ಕೊಡುವ ಚಾರ್ಜ್ ಕಾಯಿಲ್, ಕಿಡಿಯ ಹೊತ್ತು ತಿಳಿಸುವ ಪಲ್ಸರ್ ಕಾಯಿಲ್‌ಗಳ ಅಂಕಿ ಒಂದೊಂದು ಮಾಡೆಲ್‌ಗೂ ಬೇರೆ, ಸರ್ವಿಸ್ ಕೈಪಿಡಿಯನ್ನೇ ನಂಬಿ. ಸಿಡಿಐಯನ್ನು ಮಾತ್ರ ಓಮ್ ಅಳೆದು ತೀರ್ಮಾನಿಸಬೇಡಿ. ಕ್ಷಣಾರ್ಧದ ಅದರ ಪಲ್ಸ್ ಹಿಡಿಯಲು ಸಾಮಾನ್ಯ ಮೀಟರ್‌ಗೆ ಆಗದು, ಪೀಕ್ ವೋಲ್ಟೇಜ್ ಅಡಾಪ್ಟರ್ ಬೇಕು. ಉಳಿದದ್ದೆಲ್ಲ ಸರಿಯಿದ್ದೂ ಸ್ಪಾರ್ಕ್ ಇಲ್ಲದಿದ್ದರೆ ಆಗ ಸಿಡಿಐ.

7. ಫ್ಲೈವೀಲ್ ಕೆಳಗೆ. ಬೋಲ್ಟ್ ಹಾಕುವ ಪುಲ್ಲರ್‌ನಿಂದಲೇ ಎತ್ತಿ. ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ವೀಲ್ ಸೊಟ್ಟಗಾಗುತ್ತದೆ, ಸುತ್ತಿಗೆಯಿಂದ ಬಡಿದರೆ ಮ್ಯಾಗ್ನೆಟ್ ಒಡೆಯುತ್ತದೆ. ವೀಲನ್ನು ಶಾಫ್ಟಿಗೆ ಕೂರಿಸುವ ಅರ್ಧಚಂದ್ರದ ಕೀ ತುಸು ಕತ್ತರಿಸಿದ್ದರೂ ಟೈಮಿಂಗ್ ತಪ್ಪುತ್ತದೆ. ಸ್ಪಾರ್ಕ್ ಚೆನ್ನಾಗಿದ್ದೂ ಹಗ್ಗ ಕೈಯನ್ನು ಹಿಂದಕ್ಕೆ ಸೆಳೆದರೆ ಮೊದಲು ಇದನ್ನು ನೋಡಿ.

ಇನ್ನೂ ಹಳೆಯ ಎಂಜಿನ್‌ನಲ್ಲಿ ಸಿಡಿಐ ಬದಲು ಪಾಯಿಂಟ್, ಅಂದರೆ ಕ್ಯಾಮ್ ತಿರುಗಿದಂತೆ ತೆರೆದು ಮುಚ್ಚುವ ಸಂಪರ್ಕದ ಜೋಡಿ, ಇರುತ್ತದೆ. ಕ್ಯಾಮ್‌ನ ಎತ್ತರದ ಜಾಗದಲ್ಲಿ ಗ್ಯಾಪ್ ಅಳೆಯಿರಿ: ಜಪಾನಿ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.3–0.4 ಮಿ.ಮೀ., ಹಳೆಯ ಜಾನ್ಸನ್, ಎವಿನ್‌ರೂಡ್‌ಗಳಲ್ಲಿ 0.5 ಮಿ.ಮೀ. ಎಮರಿ ಹಾಕಿದ ಮೇಲೆ ಬಿಳಿ ಕಾಗದ ತೂರಿಸಿ ಎಳೆದು ಪುಡಿ ತೆಗೆಯಿರಿ. ಪಾಯಿಂಟ್ ಬೇಗ ಬೇಗ ಸುಟ್ಟು ಕುಳಿ ಬೀಳುತ್ತಿದ್ದರೆ ಕಂಡೆನ್ಸರ್ ಬದಲಿಸಿ.

ಅರ್ಧ ಗಂಟೆ ಓಡಿ ಸಾಯುವ ಎಂಜಿನ್ ಎಲ್ಲಕ್ಕಿಂತ ತಲೆನೋವು, ಅದರಲ್ಲೂ ಅಳಿವೆ ಬಾಯಲ್ಲಿ. ಮುಕ್ಕರಿಸಿ, ವೇಗ ಇಳಿಸುತ್ತಾ ನಿಂತರೆ ಟ್ಯಾಂಕಿನ ಗಾಳಿಕಿಂಡಿ ಮುಚ್ಚಿದೆಯೇ ನೋಡಿ. ಸ್ವಿಚ್ ಒತ್ತಿದ ಹಾಗೆ ಪಕ್ಕನೆ ನಿಂತು, ತಣಿದ ಮೇಲೆ ಮತ್ತೆ ಸ್ಟಾರ್ಟ್ ಆದರೆ ಬಿಸಿಗೆ ಕಾಯಿಲ್ ಅಥವಾ ಸಿಡಿಐ ಕೈಕೊಡುತ್ತಿದೆ. ತಣ್ಣಗಿರುವಾಗ ಮೀಟರ್‌ನಲ್ಲಿ ಎಲ್ಲವೂ ಸರಿಯೆಂದೇ ಕಾಣುತ್ತದೆ. ನಿಂತ ತಕ್ಷಣ, ಬಿಸಿಯಲ್ಲೇ ಸ್ಪಾರ್ಕ್ ನೋಡಬೇಕು.

ಜೋಡಿಸುವಾಗ ಪ್ಲಗ್ಗನ್ನು ಬೆರಳಿನಿಂದಲೇ ಪೂರ್ತಿ ತಿರುಗಿಸಿ. ಹೊಸದಕ್ಕೆ ಮಾತ್ರ ಸ್ಪ್ಯಾನರ್‌ನಿಂದ ಇನ್ನು ಅರ್ಧ ಸುತ್ತು, ಹಳೆಯದಕ್ಕೆ ತುಸುವೇ ಸಾಕು. ಹೆಡ್ ಅಲ್ಯೂಮಿನಿಯಂನದು, ಮರೆ ಕಿತ್ತರೆ ಖರ್ಚು ದೊಡ್ಡದು. ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರ್ ಇಂಪೆಲ್ಲರ್ ಬಲುಬೇಗ ಸುಡುತ್ತದೆ, ಆದ್ದರಿಂದ ಪ್ರೊಪೆಲ್ಲರ್ ಮೇಲಿನ ಅಡ್ಡತಟ್ಟೆ ಮುಳುಗುವಷ್ಟು ನೀರಿರುವ ಡ್ರಮ್ಮಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ. ಓಡುತ್ತಿರುವಾಗಲೇ ಲ್ಯಾನ್ಯಾರ್ಡ್ ಕ್ಲಿಪ್ ಎಳೆಯಿರಿ. ಎಂಜಿನ್ ನಿಲ್ಲದಿದ್ದರೆ ನೀವು ಬಿಚ್ಚಿದ ಸ್ಟಾಪ್ ತಂತಿ ಇನ್ನೂ ಜೋಡಿಯಾಗಿಲ್ಲ, ಇಲ್ಲವೇ ಸ್ವಿಚ್ ಬದಲಿಸಬೇಕು. ಅದು ಸರಿಯಾಗುವವರೆಗೆ ದೋಣಿ ನೀರಿಗಿಳಿಸಬೇಡಿ.