ಶೇಕಡಾವಾರು ಬದಿಗಿಡಿ, ಅಂಕಪಟ್ಟಿ ಬಿಡಿಸಿ ನೋಡಿ: ಪಿಯು ಕಾಂಬಿನೇಷನ್ ಆರಿಸುವುದು ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಹಾಸನದ ಪಿಯು ಕಾಲೇಜುಗಳ ಮುಂದೆ ಅರ್ಜಿ ಹಿಡಿದವರ ಸಾಲು ಶುರು. ಆಲೂರು, ಬೇಲೂರು, ಅರಕಲಗೂಡು, ಸಕಲೇಶಪುರದ ಕಡೆಯಿಂದ ಬೆಳಗಿನ ಬಸ್ಸಿಗೇ ಬಂದಿಳಿದ ಅಪ್ಪ, ಅಮ್ಮಂದಿರು ಕೌಂಟರ್‌ನಲ್ಲಿ ಮೊದಲು ಹೇಳುವುದೇ ಪರ್ಸೆಂಟೇಜು. ‘ತೊಂಬತ್ತು ಬಂದಿದೆ ಸರ್, ಸೈನ್ಸ್ ಕೊಡಿ.’ ‘ಅರವತ್ತೇ ಬಂದಿರೋದು, ಆರ್ಟ್ಸ್‌ಗೆ ಹಾಕ್ಕೊಳ್ಳಿ.’ ಮಗನೋ ಮಗಳೋ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾರೆ. ಎರಡು ವರ್ಷ ತರಗತಿಯಲ್ಲಿ ಕೂರಬೇಕಾದವರು ಅವರು, ಆದರೆ ಅವರನ್ನು ಕೇಳಿದವರು ಕಡಿಮೆ. ಅರ್ಜಿ ತುಂಬುವ ಮೊದಲು ಮನೆಯಲ್ಲೇ ಕೂತು ಮುಗಿಸಬೇಕಾದ ಕೆಲಸ ಒಂದಷ್ಟಿದೆ. ಅದನ್ನು ಮಾಡದೆ ಕೌಂಟರ್‌ಗೆ ಹೋಗಬೇಡಿ.

ಅಂಕಪಟ್ಟಿಯನ್ನು ಬಿಡಿಸಿ

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಅದರಲ್ಲಿ ಪ್ರಥಮ ಭಾಷೆಗೇ 125. ಗಣಿತ, ವಿಜ್ಞಾನ ಎರಡೂ ಸೇರಿದರೆ 200 ಮಾತ್ರ. ಅಂದರೆ ಒಟ್ಟು ಅಂಕದಲ್ಲಿ ಮೂರನೇ ಒಂದು ಭಾಗವೂ ಸೈನ್ಸ್‌ಗೆ ಸಂಬಂಧಿಸಿದ್ದಲ್ಲ.

ಲೆಕ್ಕಕ್ಕೆಂದು ಇಬ್ಬರನ್ನು ತೆಗೆದುಕೊಳ್ಳೋಣ. ಒಬ್ಬಳಿಗೆ ಕನ್ನಡ 123, ಇಂಗ್ಲಿಷ್ 94, ಹಿಂದಿ 99, ಸಮಾಜ 97, ವಿಜ್ಞಾನ 78, ಗಣಿತ 69. ಒಟ್ಟು 560, ಹೆಚ್ಚುಕಡಿಮೆ ಶೇ 90. ಇನ್ನೊಬ್ಬನಿಗೆ ಕನ್ನಡ 105, ಇಂಗ್ಲಿಷ್ 72, ಹಿಂದಿ 78, ಸಮಾಜ 74, ವಿಜ್ಞಾನ 91, ಗಣಿತ 93. ಒಟ್ಟು 513, ಶೇ 82. ಕೌಂಟರ್‌ನಲ್ಲಿ ಮೊದಲನೆಯವಳಿಗೆ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಕೊಡಿಸಲು ಓಡಾಡುತ್ತಾರೆ. ಎರಡನೆಯವನಿಗೆ ‘ನೋಡೋಣ’ ಅನ್ನುತ್ತಾರೆ. ವಿಷಯವಾರು ನೋಡಿದರೆ ಸೈನ್ಸ್‌ಗೆ ತಯಾರಾಗಿರುವವನು ಎರಡನೆಯವನು. ಮೊದಲನೆಯವಳ ಶಕ್ತಿ ಭಾಷೆಯಲ್ಲಿ, ಸಮಾಜದಲ್ಲಿ ಎದ್ದು ಕಾಣುತ್ತಿದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಗಣಿತ, ವಿಜ್ಞಾನದ ನೂರರಲ್ಲಿ 20 ಆಂತರಿಕ ಅಂಕ. ಅದು ಬಹುತೇಕ ಎಲ್ಲರಿಗೂ ಪೂರ್ತಿ ಬಿದ್ದಿರುತ್ತದೆ. ಅದನ್ನು ಕಳೆದು 80ಕ್ಕೆ ಎಷ್ಟು ಬಂತು ಎಂದು ನೋಡಿ. ಮೇಲಿನ ಹುಡುಗಿಗೆ 20 ಪೂರ್ತಿ ಸಿಕ್ಕಿದ್ದರೆ ಗಣಿತದಲ್ಲಿ ಅವಳದು 80ಕ್ಕೆ 49. ವಿಜ್ಞಾನದ ಪತ್ರಿಕೆಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿಕೊಂಡಿರುವುದರಿಂದ ಯಾವುದರಲ್ಲಿ ಗೆದ್ದರು, ಯಾವುದರಲ್ಲಿ ಬಿದ್ದರು ಎಂಬುದು ಅಂಕಪಟ್ಟಿಯಲ್ಲಿ ಕಾಣಿಸದು. ಶಾಲೆಯ ವಿಜ್ಞಾನ ಶಿಕ್ಷಕರನ್ನೇ ಕೇಳಿ. ಬೇಕಿದ್ದರೆ ಪರೀಕ್ಷಾ ಮಂಡಳಿಗೆ ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ಪ್ರತಿಯನ್ನೂ ತರಿಸಿಕೊಳ್ಳಬಹುದು.

ಪುಸ್ತಕ ಕೈಗೆ ಕೊಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಖರ್ಚೂ ಇಲ್ಲ. ಊರಿನಲ್ಲೋ ನೆಂಟರಲ್ಲೋ ಪ್ರಥಮ ಪಿಯು ಮುಗಿಸಿದವರು ಯಾರಾದರೂ ಇದ್ದೇ ಇರುತ್ತಾರೆ. ಅವರಿಂದ ಫಿಸಿಕ್ಸ್, ಅಕೌಂಟೆನ್ಸಿ, ಹಿಸ್ಟರಿ ಪುಸ್ತಕ ಒಂದೊಂದು ಇಸಿದುಕೊಳ್ಳಿ. ಸೈನ್ಸ್‌ಗೆ ಇರುವುದು ಎನ್‌ಸಿಇಆರ್‌ಟಿ ಪುಸ್ತಕಗಳೇ, ಅವು ಮೊಬೈಲ್‌ನಲ್ಲೂ ಪುಕ್ಕಟೆ ಸಿಗುತ್ತವೆ. ಫಿಸಿಕ್ಸ್‌ನಲ್ಲಿ ಸರಳರೇಖೆಯ ಚಲನೆಯ ಪಾಠ, ಅಕೌಂಟೆನ್ಸಿಯಲ್ಲಿ ಜರ್ನಲ್ ಎಂಟ್ರಿ, ಹಿಸ್ಟರಿಯಲ್ಲಿ ಯಾವುದಾದರೂ ಒಂದು ಪಾಠ ತೆಗೆದು, ಒಂದೊಂದಕ್ಕೆ ಎರಡೆರಡು ದಿನ ಕೊಡಿ.

ಪೂರ್ತಿ ಅರ್ಥವಾಯಿತೇ ಎಂದು ಪರೀಕ್ಷೆ ಮಾಡಬೇಡಿ. ಯಾರೂ ಹೇಳಿಕೊಡದೆ ಪೂರ್ತಿ ಅರ್ಥವಾಗುವಂಥದ್ದೂ ಅಲ್ಲ. ನೀವು ಗಮನಿಸಬೇಕಾದದ್ದು ಬೇರೆ. ಲೆಕ್ಕ ಬಾರದಿದ್ದಾಗ ಪುಸ್ತಕ ಮುಚ್ಚಿಟ್ಟರೋ, ಹಿಂದಿನ ಪುಟ ತಿರುಗಿಸಿ ಇನ್ನೊಮ್ಮೆ ಕೂತರೋ? ಊಟ ಮಾಡುವಾಗ ಯಾವ ಪಾಠದ ಮಾತು ತಾನಾಗಿ ಬಂತು? ಹತ್ತು ಜನ ಹೇಳುವ ಸಲಹೆಗಿಂತ ಈ ಆರು ದಿನ ಹೆಚ್ಚು ಹೇಳುತ್ತವೆ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ಸೈನ್ಸ್ ತರಗತಿಯಲ್ಲಿ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಮೊದಲ ಎರಡು ಮೂರು ತಿಂಗಳು ಕಷ್ಟವಾಗುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ಹತ್ತನೇ ತರಗತಿಯ ಇಂಗ್ಲಿಷ್ ಮಾಧ್ಯಮದ ಗಣಿತ, ವಿಜ್ಞಾನ ಪುಸ್ತಕ ತಂದು, ಗೊತ್ತಿರುವ ಪಾಠವನ್ನೇ ರಜೆಯಲ್ಲಿ ಇನ್ನೊಮ್ಮೆ ಓದಿಕೊಂಡು ಹೋದವರಿಗೆ ಆ ಭಯ ಅರ್ಧ ಇಳಿದಿರುತ್ತದೆ. ಮಾಧ್ಯಮದ ಹೆದರಿಕೆಗಾಗಿ ಗಣಿತ ಚೆನ್ನಾಗಿ ಬರುವ ಮಕ್ಕಳನ್ನು ಸೈನ್ಸ್‌ನಿಂದ ತಪ್ಪಿಸುವುದು ಅನ್ಯಾಯ.

ಯಾವ ವಿಷಯ ಬಿಟ್ಟರೆ ಯಾವ ದಾರಿ ಮುಚ್ಚುತ್ತದೆ

ಪಿಯುನಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಈ ನಾಲ್ಕು ವಿಷಯಗಳ ಗುಂಪೇ ಕಾಂಬಿನೇಷನ್. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಬಯಾಲಜಿ ಬಿಟ್ಟರೆ ವೈದ್ಯಕೀಯ, ದಂತವೈದ್ಯಕೀಯ, ಪಶುವೈದ್ಯಕೀಯ, ಬಿ.ಎಸ್ಸಿ. ನರ್ಸಿಂಗ್ ಕೈ ತಪ್ಪುತ್ತವೆ. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ಗೆ ಗಣಿತ ಬೇಕಿಲ್ಲ. ಎರಡೂ ದಾರಿ ತೆರೆದಿರಲಿ ಎಂದು ಪಿಸಿಎಂಬಿ ತೆಗೆದುಕೊಳ್ಳುವವರೇ ಹೆಚ್ಚು. ಆದರೆ ನಾಲ್ಕೂ ಭಾರದ ವಿಷಯಗಳು. ಬಯಾಲಜಿ ಎಂದರೆ ಆಗದು ಎಂದು ಮಕ್ಕಳೇ ಸ್ಪಷ್ಟವಾಗಿ ಹೇಳುತ್ತಿದ್ದರೆ ಅದರ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಕೊಡಿಸಿ.

ತೋಟ, ಗದ್ದೆ ಇರುವ ಮನೆಯವರು ಇನ್ನೊಂದನ್ನು ಯೋಚಿಸಬೇಕು. ಬಿ.ಎಸ್ಸಿ. ಕೃಷಿ, ತೋಟಗಾರಿಕೆಯತ್ತ ಮನಸ್ಸಿದ್ದರೆ ಪಿಸಿಎಂಬಿ ಇಟ್ಟುಕೊಳ್ಳುವುದೇ ಕ್ಷೇಮ. ವೃತ್ತಿಪರ ಕೋರ್ಸ್ ಪ್ರವೇಶಕ್ಕೆ ರಾಜ್ಯ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜು, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು, ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇವೆ. ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ಅಲ್ಲಿನ ವಿದ್ಯಾರ್ಥಿಗಳ ಜೊತೆ ಮಾತಾಡಿಸಿ.

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿಯ ಅಂಕ ಅರ್ಧ, ದ್ವಿತೀಯ ಪಿಯುವಿನ ಪಿಸಿಎಂ ಅಂಕ ಇನ್ನರ್ಧ. ‘ಕಾಲೇಜಿನ ಪಾಠ ಹೇಗಾದರೂ ಇರಲಿ, ಕೋಚಿಂಗ್ ಇದೆ’ ಎಂದು ನಂಬಿ ಕೂರುವವರು ಇದನ್ನು ನೆನಪಿಡಬೇಕು.

ಕಾಮರ್ಸ್ ಬಗ್ಗೆ ಹೆಚ್ಚು ಜನ ಗಮನಿಸದ ಸಂಗತಿ ಎಂದರೆ, ಅಕೌಂಟೆನ್ಸಿ ಪ್ರಥಮ ಪಿಯುನಲ್ಲೇ ಮೊದಲಿನಿಂದ ಶುರುವಾಗುತ್ತದೆ. ಹೈಸ್ಕೂಲಿನಲ್ಲಿ ಹಿಂದೆ ಬಿದ್ದವರಿಗೂ ಅಲ್ಲಿ ಸಮನಾದ ಆರಂಭ ಸಿಗುತ್ತದೆ. ಲೆಕ್ಕ ಇಷ್ಟ, ಆದರೆ ಲ್ಯಾಬ್ ಬೇಡ ಅನ್ನುವವರು ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಇರುವ ಎಸ್‌ಇಬಿಎ ಆರಿಸಿಕೊಳ್ಳಲಿ. ಸಿಎ ಓದಿನ ಮೊದಲ ಹಂತದ ಪರೀಕ್ಷೆ ಫೌಂಡೇಷನ್‌ನಲ್ಲಿ ಗಣಿತ, ಸ್ಟ್ಯಾಟಿಸ್ಟಿಕ್ಸ್ ಸೇರಿದ ಒಂದು ಪತ್ರಿಕೆಯೇ ಇದೆ, ಅಲ್ಲಿ ಇದು ನೆರವಿಗೆ ಬರುತ್ತದೆ.

ಆರ್ಟ್ಸ್ ಅನ್ನು ‘ಉಳಿದವರಿಗೆ’ ಎಂದು ಇಟ್ಟಿರುವುದು ನನಗೆ ನೋವಿನ ಸಂಗತಿ. ಐದು ವರ್ಷದ ಕಾನೂನು ಪದವಿ, ಶಿಕ್ಷಕ ವೃತ್ತಿ, ಪತ್ರಿಕೋದ್ಯಮ, ಕೆಎಎಸ್ ತಯಾರಿ ಎಲ್ಲದಕ್ಕೂ ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ ಇರುವ ಎಚ್‌ಇಪಿಎಸ್ ಗಟ್ಟಿ ಬುನಾದಿ. ಮೇಲಿನ 560 ಅಂಕದ ಹುಡುಗಿ ಅದನ್ನು ತಾನಾಗಿ ಕೇಳಿದರೆ ಮನೆಯವರು ಅಡ್ಡ ಬರಬಾರದು.

ಕೈಕೆಲಸದಲ್ಲಿ ಆಸಕ್ತಿ ಇದ್ದರೆ ಪಿಯು ಕಡ್ಡಾಯವೇನಲ್ಲ. ಹಾಸನದ ಎಲ್.ವಿ. ಪಾಲಿಟೆಕ್ನಿಕ್, ಚಿಕ್ಕಮಗಳೂರಿನ ಡಿ.ಎ.ಸಿ.ಜಿ. ಪಾಲಿಟೆಕ್ನಿಕ್‌ನಂಥ ಕಡೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು.

ಕಾಲೇಜು ನೋಡುವಾಗ

ಕಾಂಬಿನೇಷನ್ ಗಟ್ಟಿಯಾದ ಮೇಲೆ ಕಾಲೇಜು. ಹೋಗಿ ಕೇಳಬೇಕಾದವರು ಅಲ್ಲಿ ಈಗ ದ್ವಿತೀಯ ಪಿಯು ಓದುತ್ತಿರುವ ಮಕ್ಕಳು. ಫಿಸಿಕ್ಸ್‌ಗೆ ಉಪನ್ಯಾಸಕರು ಕಾಯಂ ಇದ್ದಾರೆಯೇ? ಲ್ಯಾಬ್ ವಾರಕ್ಕೆ ಎಷ್ಟು ಸಲ ತೆರೆಯುತ್ತದೆ? ಬೋರ್ಡಿನ ಮೇಲೆ ರ‍್ಯಾಂಕ್ ಬಂದವರ ಫೋಟೊ ಹಾಕಿರುವ ಕಾಲೇಜಿನಲ್ಲಿ ಫೇಲಾದವರು ಎಷ್ಟು ಎಂದೂ ಕೇಳಿ. ಕೋಚಿಂಗ್ ಸೇರಿಸಿ ಲಕ್ಷಗಟ್ಟಲೆ ಶುಲ್ಕ ಹೇಳುವ ಕಡೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ಮಳೆಗಾಲದಲ್ಲಿ ದಿನಾ ಬಸ್ಸಿನಲ್ಲಿ ಹೋಗಿ ಬಂದು, ಸಂಜೆ ಕೂತು ಲೆಕ್ಕ ಮಾಡುವ ತ್ರಾಣ ಎಲ್ಲರಿಗೂ ಇರದು. ದೂರದವರು ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಪ್ರವೇಶ ಪಡೆದ ತಕ್ಷಣ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟಿರಿ.

ತರಗತಿ ಶುರುವಾದ ಮೊದಲ ತಿಂಗಳು ಮಕ್ಕಳ ಮಾತಿಗೆ ಕಿವಿಗೊಡಿ. ಕಾಂಬಿನೇಷನ್ ಬದಲಿಸಿಕೊಳ್ಳಲು ಇಲಾಖೆ ಕೊಡುವ ಗಡುವು ಯಾವಾಗ ಎಂದು ಪ್ರಾಂಶುಪಾಲರ ಬಳಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಗಡುವು ದಾಟಿದರೆ ಒಂದು ವರ್ಷ ಹೋಗುತ್ತದೆ.

ಹೈಸ್ಕೂಲಿಗೆ ಟಿಸಿ ತರಲು ಹೋದ ದಿನ ಇನ್ನೊಂದು ಕೆಲಸವನ್ನೂ ಮುಗಿಸಿಕೊಂಡು ಬನ್ನಿ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಎರಡು ಮೂರು ಶಾಲೆ ಬದಲಿಸಿದವರಾದರೆ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಈಗಲೇ ತೆಗೆದಿಟ್ಟುಕೊಳ್ಳಿ. ಎರಡು ವರ್ಷ ಕಳೆದು, ಸಿಇಟಿಯ ಗಡಿಬಿಡಿಯಲ್ಲಿ ಹಳೆಯ ಶಾಲೆಗೂ ಬಿಇಒ ಕಚೇರಿಗೂ ಅಲೆಯುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.