ಸ್ಟ್ರೀಮರ್‌ಗಳ ಬೆನ್ನು ಹತ್ತುವ ಮೋಸಗಾರರು: ನಾನು ನಿಭಾಯಿಸಿದ ಬಗೆ

ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಫೋನಿನ ಗುಂಡಿನಾಟವನ್ನು ಕನ್ನಡದಲ್ಲಿ ಮಾತಾಡುತ್ತ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡುವ ನನ್ನಂಥವರ ಬೆನ್ನು ಹತ್ತುವವರಲ್ಲಿ ಎರಡು ಪಂಗಡಗಳಿವೆ. ಮೊದಲನೆಯವರ ಫೋನಿನಲ್ಲಿ ಯಾವ ಕಳ್ಳ ತಂತ್ರಾಂಶವೂ ಇರುವುದಿಲ್ಲ. ಅವರು ಇನ್ನೊಂದು ಪರದೆಯಲ್ಲಿ ನನ್ನ ಸ್ಟ್ರೀಮ್ ತೆರೆದಿಟ್ಟುಕೊಂಡು, ನಾನು ಯಾವ ಮನೆಯಲ್ಲಿ ಅಡಗಿದ್ದೇನೆ, ಯಾವ ಕಿಟಕಿಯತ್ತ ಮುಖ ಮಾಡಿದ್ದೇನೆ, ಎಷ್ಟು ಗುಂಡು ಉಳಿದಿವೆ ಎಂಬುದನ್ನೆಲ್ಲ ನೋಡಿಕೊಂಡು ಬಂದು ಹೊಡೆಯುತ್ತಾರೆ. ಇದು ಸ್ಟ್ರೀಮ್ ಸ್ನೈಪಿಂಗ್. ಎರಡನೆಯವರು ಗೋಡೆಯಾಚೆಗಿನ ಎದುರಾಳಿಯನ್ನು ತೋರಿಸುವ ಇಎಸ್‌ಪಿ, ತಾನಾಗಿಯೇ ಗುರಿ ಹಿಡಿಯುವ ಏಮ್‌ಬಾಟ್ ಮುಂತಾದ ಹ್ಯಾಕ್‌ಗಳನ್ನು ಬಳಸುವವರು. ಎರಡೂ ಒಬ್ಬನಲ್ಲೇ ಸೇರಿದಾಗ ತೊಂದರೆ ಹೆಚ್ಚು, ಏಕೆಂದರೆ ಅವನು ಸ್ಟ್ರೀಮ್ ನೋಡಿ ನನ್ನ ಮ್ಯಾಚಿಗೆ ಬರುತ್ತಾನೆ, ಬಂದಮೇಲೆ ಹ್ಯಾಕ್‌ನಿಂದ ಕೊಲ್ಲುತ್ತಾನೆ. ನೋಡುಗರು ಇವರೆಲ್ಲರನ್ನೂ ಒಂದೇ ಉಸಿರಿಗೆ ಹ್ಯಾಕರ್ ಎಂದುಬಿಡುತ್ತಾರೆ. ಆದರೆ ಇಬ್ಬರಿಗೂ ಮದ್ದು ಬೇರೆಬೇರೆ ಎಂಬುದೇ ಈ ಕೆಲಸದಲ್ಲಿ ನನಗೆ ದಾರಿ ತೋರಿಸಿದ ವಿಷಯ.

ಅವರು ನನ್ನ ಮ್ಯಾಚಿಗೇ ಬರುವುದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು. ಸರ್ವರ್, ಮ್ಯಾಪ್, ಮೋಡ್ ಮತ್ತು ಆಟಗಾರನ ದರ್ಜೆಯನ್ನು ನೋಡಿಕೊಂಡು ಆಟವೇ ನೂರು ಜನರನ್ನು ಒಟ್ಟುಗೂಡಿಸುತ್ತದೆ. ಆದ್ದರಿಂದ ನಾನು ಸ್ಟಾರ್ಟ್ ಒತ್ತುವುದನ್ನು ನೋಡಿ, ಅದೇ ಮೋಡ್‌ನಲ್ಲಿ ಅದೇ ಕ್ಷಣಕ್ಕೆ ಸ್ಟಾರ್ಟ್ ಒತ್ತಿದವನು ಅದೇ ಲಾಬಿಗೆ, ಅಂದರೆ ಅದೇ ನೂರು ಜನರ ಗುಂಪಿಗೆ, ಬಂದು ಬೀಳುವ ಸಾಧ್ಯತೆ ದೊಡ್ಡದು. ದರ್ಜೆ ಮೇಲೇರಿದಷ್ಟೂ, ರಾತ್ರಿ ಹೊತ್ತಾದಷ್ಟೂ ಆಡುವವರು ಕಡಿಮೆಯಾಗಿ ಈ ಸಾಧ್ಯತೆ ಇನ್ನಷ್ಟು ಹೆಚ್ಚುತ್ತದೆ. ಯೂಟ್ಯೂಬ್‌ನ ಅಲ್ಟ್ರಾ ಲೋ ಲೇಟೆನ್ಸಿ, ಅಂದರೆ ಅತಿ ಕಡಿಮೆ ತಡದ ಸೆಟ್ಟಿಂಗ್, ಇಟ್ಟುಕೊಂಡರೆ ಪರದೆಯ ಮೇಲಿನದು ಕೆಲವೇ ಸೆಕೆಂಡುಗಳಲ್ಲಿ ನೋಡುಗನಿಗೆ ತಲುಪುತ್ತದೆ. ಚಾಟ್ ಚುರುಕಾಗಿರುತ್ತದೆ, ನಿಜ. ಆದರೆ ಅದು ಇಸ್ಪೀಟಿನ ಎಲೆಗಳನ್ನು ಎದುರಾಳಿಯ ಕಡೆಗೆ ತಿರುಗಿಸಿ ಹಿಡಿದುಕೊಂಡು ಆಡಲು ಕೂತಂತೆ.

ಹಾಗಾಗಿ ನಾನು ಮಾಡಿದ ಮೊದಲ ಕೆಲಸ ಪ್ರಸಾರವನ್ನು ತಡವಾಗಿಸಿದ್ದು. ಫೋನಿನ ಪರದೆಯನ್ನು ಕ್ಯಾಪ್ಚರ್ ಕಾರ್ಡ್ ಮೂಲಕ ಕಂಪ್ಯೂಟರಿಗೆ ತಂದು ಒಬಿಎಸ್ ಎಂಬ ಪ್ರಸಾರ ತಂತ್ರಾಂಶದಿಂದ ಕಳಿಸುತ್ತೇನೆ. ಒಬಿಎಸ್‌ನ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ವಿಭಾಗಕ್ಕೆ ಹೋದರೆ ಸ್ಟ್ರೀಮ್ ಡಿಲೇ ಎಂಬುದಿದೆ. ಅಲ್ಲಿ 180 ಸೆಕೆಂಡು ಇಟ್ಟೆ. ಲಾಬಿ ತುಂಬುವ ಹೊತ್ತು, ಮ್ಯಾಚಿಗೆ ಮುನ್ನ ಎಲ್ಲರೂ ಕಾಯುವ ದ್ವೀಪದಲ್ಲಿ ಎಣಿಕೆ ಇಳಿಯುವ ಸುಮಾರು ಒಂದು ನಿಮಿಷ ಮತ್ತು ವಿಮಾನದಿಂದ ಜಿಗಿಯುವ ಹೊತ್ತು ಇವಿಷ್ಟನ್ನೂ ನುಂಗುವಷ್ಟು ಅಂತರವಿರಬೇಕು ಎಂಬುದು ನನ್ನ ಲೆಕ್ಕ. ನಾನು ಸ್ಟಾರ್ಟ್ ಒತ್ತಿದ್ದು ನೋಡುಗನಿಗೆ ಕಾಣುವಷ್ಟರಲ್ಲಿ ನಾನು ಎರಾಂಗೆಲ್ ಮ್ಯಾಪಿನ ನೆಲದ ಮೇಲೆ ಬಂದೂಕು ಹುಡುಕುತ್ತಿರುತ್ತೇನೆ. ಈ ಡಿಲೇ ಪ್ರಸಾರಕ್ಕೆ ಮಾತ್ರ ಅನ್ವಯಿಸುತ್ತದೆಯೇ ಹೊರತು ಕಂಪ್ಯೂಟರಿನಲ್ಲೇ ಉಳಿಯುವ ರೆಕಾರ್ಡಿಂಗಿಗೆ ಅಲ್ಲ. ಸ್ಟ್ರೀಮ್ ಶುರುವಾದ ಮೇಲೆ ಅದನ್ನು ಬದಲಿಸಲೂ ಆಗುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಚಾಟ್. ಮೂರು ನಿಮಿಷ ಹಳೆಯ ದೃಶ್ಯಕ್ಕೆ ಬರೆದ ಮಾತಿಗೆ ನಾನು ಉತ್ತರಿಸುವಾಗ ಆಟ ಬೇರೆಲ್ಲೋ ಹೋಗಿರುತ್ತದೆ, ಆ ಉತ್ತರ ಅವರಿಗೆ ಕೇಳಲು ಮತ್ತೆ ಮೂರು ನಿಮಿಷ ಬೇಕು. ಹಣ ಕೊಟ್ಟು ಸೂಪರ್ ಚಾಟ್ ಕಳಿಸಿದವರಿಗೆ ಇದು ಬೇಸರ ತರಿಸುವುದು ಸಹಜ. ರ‍್ಯಾಂಕ್ ಮ್ಯಾಚುಗಳ ಸ್ಟ್ರೀಮ್ ಡಿಲೇಯೊಂದಿಗೆ, ನೋಡುಗರ ಜೊತೆ ಆಡುವ ಕಸ್ಟಮ್ ರೂಮ್ (ನಾವೇ ತೆರೆಯುವ ಖಾಸಗಿ ಮ್ಯಾಚ್) ಸ್ಟ್ರೀಮ್ ಡಿಲೇ ಇಲ್ಲದೆ ಎಂದು ಬೇರ್ಪಡಿಸಿ, ಡಿಲೇ ಇರುವ ವಿಷಯವನ್ನು ಚಾಟ್‌ನ ಮೇಲೆ ಪಿನ್ ಮಾಡಿಸಿದ ಮೇಲೆ ಗೊಣಗಾಟ ತಗ್ಗಿತು.

ಡಿಲೇಯಿಂದ ನಾನು ಎಣಿಸದೇ ಇದ್ದ ಇನ್ನೊಂದು ಉಪಯೋಗ ಸಿಕ್ಕಿತು, ನನ್ನ ಮಟ್ಟಿಗೆ ಅದೇ ದೊಡ್ಡದು. ಯಾರು ಯಾವ ಪಂಗಡದವರು ಎಂಬುದನ್ನು ಅದು ಬೇರ್ಪಡಿಸಿ ತೋರಿಸುತ್ತದೆ. ಸ್ಟ್ರೀಮ್ ನೋಡಿ ಬರುವವನು ಮೂರು ನಿಮಿಷದ ಹಿಂದೆ ನಾನಿದ್ದ ಮನೆಗೆ ಬಂದು ಖಾಲಿ ಕೋಣೆಗೆ ಗ್ರೆನೇಡ್ ಎಸೆಯುತ್ತಾನೆ. ಇಎಸ್‌ಪಿ ಇರುವವನು ನಾನು ಈಗ ಇರುವ ಜಾಗಕ್ಕೇ ನೇರವಾಗಿ ಬರುತ್ತಾನೆ. ಹಾಗೆ ಬಂದಾಗಲೂ ನಾನು ಕೂಡಲೇ ತೀರ್ಮಾನಕ್ಕೆ ಬರುವುದಿಲ್ಲ. ಆಗಷ್ಟೇ ಸೈಲೆನ್ಸರ್ ಇಲ್ಲದೆ ಗುಂಡು ಹಾರಿಸಿದ್ದೆನೇ? ಗುಂಡಿನ ಸದ್ದೂ ಹೆಜ್ಜೆಯ ಸದ್ದೂ ಎದುರಾಳಿಯ ಮಿನಿಮ್ಯಾಪಿನಲ್ಲಿ, ಅಂದರೆ ಪರದೆಯ ಮೂಲೆಯ ಚಿಕ್ಕ ನಕ್ಷೆಯಲ್ಲಿ, ಗುರುತಾಗಿ ಮೂಡುತ್ತವೆ. ಹೊರಗೆ ಗಾಡಿ ನಿಲ್ಲಿಸಿದ್ದೆನೇ? ಬಾಗಿಲು ತೆರೆದೇ ಇತ್ತೇ? ಹ್ಯಾಕರ್ ಎಂದು ನಾವು ಕೂಗಾಡುವವರಲ್ಲಿ ಎಷ್ಟೋ ಮಂದಿ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಗಮನವಿಟ್ಟು ಆಡುವವರು ಅಷ್ಟೇ.

ಹಾಗೆಯೇ ಸ್ಕ್ವಾಡ್‌ನ ಗೆಳೆಯರ ಸ್ಟ್ರೀಮ್ ಕೂಡ ತೂತಾಗಬಹುದು. ನಾಲ್ವರಲ್ಲಿ ಒಬ್ಬ ಡಿಲೇ ಇಲ್ಲದೆ ಪ್ರಸಾರ ಮಾಡುತ್ತಿದ್ದರೆ ಉಳಿದ ಮೂವರ ಡಿಲೇ ವ್ಯರ್ಥ. ಆದ್ದರಿಂದ ಎಲ್ಲರೂ ಒಂದೇ ಅಂತರ ಇಟ್ಟುಕೊಳ್ಳಬೇಕು, ಇಲ್ಲವೇ ಒಬ್ಬರೇ ಪ್ರಸಾರ ಮಾಡಬೇಕು ಎಂದು ಮಾತಾಡಿಕೊಂಡಿದ್ದೇವೆ. ಮ್ಯಾಚಿಗೆ ಮುಂಚಿನ ಲಾಬಿಯ ಪರದೆ, ಆಟದ ಐಡಿ ಸಂಖ್ಯೆ, ಟೀಮ್ ಕೋಡ್ ಕಾಣುವ ಜಾಗಗಳನ್ನು ಒಬಿಎಸ್‌ನಲ್ಲಿ ಚಿತ್ರವೊಂದರಿಂದ ಮುಚ್ಚಿದ್ದೇನೆ. ಮಿನಿಮ್ಯಾಪನ್ನು ಮಾತ್ರ ಮುಚ್ಚಿಲ್ಲ. ಅದಿಲ್ಲದೆ ನೋಡುಗರಿಗೆ ಆಟ ಅರ್ಥವಾಗುವುದಿಲ್ಲ, ಡಿಲೇ ಇರುವಾಗ ಮುಚ್ಚುವ ಅಗತ್ಯವೂ ಇಲ್ಲ.

ಇನ್ನು ನಿಜವಾದ ಹ್ಯಾಕ್‌ಗಳ ವಿಷಯ. 2022ರ ಜುಲೈನಲ್ಲಿ ಬಿಜಿಎಂಐ ಆ್ಯಪ್ ಸ್ಟೋರ್‌ಗಳಿಂದ ಮರೆಯಾಗಿ 2023ರ ಮೇನಲ್ಲಿ ಮರಳುವವರೆಗೆ ಅನೇಕರಂತೆ ನಾನೂ ಕಂಪ್ಯೂಟರಿನಲ್ಲಿ ವ್ಯಾಲೊರಂಟ್ ಎಂಬ ಗುಂಡಿನಾಟ ಆಡಿದೆ. ವ್ಯತ್ಯಾಸ ಅಲ್ಲಿ ಕಣ್ಣಿಗೆ ಬಿತ್ತು. ಗುಂಪಿನ ಹೊರಗಿನವರಿಗೆ ನನ್ನ ಹೆಸರಿನ ಬದಲು ನಾನು ಆರಿಸಿದ ಏಜೆಂಟ್‌ನ, ಅಂದರೆ ಆಟದ ಪಾತ್ರದ, ಹೆಸರಷ್ಟೇ ಕಾಣುವಂತೆ ಮಾಡುವ ಸೌಲಭ್ಯ ಆಟದೊಳಗೇ ಇದೆ. ಅದರ ವ್ಯಾನ್‌ಗಾರ್ಡ್ ಎಂಬ ಕಾವಲು ತಂತ್ರಾಂಶ ಕಂಪ್ಯೂಟರ್ ಶುರುವಾಗುವಾಗಲೇ ಕರ್ನಲ್ ಮಟ್ಟದಲ್ಲಿ, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನಲ್ಲೇ, ಎಚ್ಚರಗೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎದುರಾಳಿ ಕಣ್ಣಿಗೆ ಬೀಳುವ ಹೊತ್ತು ಹತ್ತಿರವಾಗುವವರೆಗೆ ಅವನಿರುವ ಜಾಗವನ್ನು ಸರ್ವರ್ ನನ್ನ ಕಂಪ್ಯೂಟರಿಗೆ ಕಳಿಸುವುದೇ ಇಲ್ಲ. ಇಎಸ್‌ಪಿ ಹೊಸ ಮಾಹಿತಿಯನ್ನೇನೂ ಸೃಷ್ಟಿಸುವುದಿಲ್ಲ. ಚಿತ್ರ ಬಿಡಿಸಲೆಂದು ಸಾಧನಕ್ಕೆ ಬಂದಿರುವ ಮಾಹಿತಿಯನ್ನೇ ಮೆಮೊರಿಯಿಂದ ಕದ್ದು ತೋರಿಸುತ್ತದೆ. ಬಿಜಿಎಂಐನ ಎಂಟು ಕಿಲೋಮೀಟರ್ ಉದ್ದಗಲದ, ದೂರದ ಗುಡ್ಡದಿಂದಲೂ ಗುರಿಯಿಡಬಹುದಾದ ಬಯಲಿನಲ್ಲಿ ಹಾಗೆ ಮಾಹಿತಿ ತಡೆಹಿಡಿಯುವುದು ಚಿಕ್ಕ ಮ್ಯಾಪಿನಷ್ಟು ಸುಲಭವಲ್ಲ. ಹೀಗಾಗಿ ಇಎಸ್‌ಪಿಯನ್ನು ನಾನು ತಡೆಯಲಾರೆ. ಸಾಕ್ಷ್ಯ ಕೊಡಬಲ್ಲೆ, ಅಷ್ಟೇ.

ಸಾಕ್ಷ್ಯಕ್ಕೆ ಸ್ಟ್ರೀಮಿನ ಮಸುಕು ವಿಡಿಯೊ ಸಾಲದು. ಸ್ಟ್ರೀಮ್ ನಡೆಯುವಾಗಲೇ ಹೆಚ್ಚಿನ ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಸತ್ತ ಮೇಲೆ ಸಿಟ್ಟಿನಿಂದ ಲಾಬಿಗೆ ಮರಳದೆ, ಸತ್ತ ಕ್ಷಣವನ್ನು ಮತ್ತೆ ತೋರಿಸುವ ಡೆತ್ ರಿಪ್ಲೇ ನೋಡಿ, ನಂತರ ಕೊಂದವನನ್ನೇ ಸ್ಪೆಕ್ಟೇಟ್ ಮಾಡುತ್ತೇನೆ, ಅಂದರೆ ಅವನ ಆಟವನ್ನು ನೋಡುತ್ತ ಕೂರುತ್ತೇನೆ. ಗುರಿಯ ಗುರುತು ಗೋಡೆಯ ಹಿಂದೆ ನಡೆಯುತ್ತಿರುವವನನ್ನು ಬಿಡದೆ ಹಿಂಬಾಲಿಸುತ್ತಿದೆಯೇ, ಸದ್ದೇ ಮಾಡದವನತ್ತ ಅವನು ಮತ್ತೆಮತ್ತೆ ತಿರುಗುತ್ತಾನೆಯೇ, ಸ್ಪ್ರೇ ಮಾಡುವಾಗ, ಅಂದರೆ ಬಿಡದೆ ಗುಂಡು ಹಾರಿಸುವಾಗ, ಬಂದೂಕು ಅಲುಗಾಡುವುದೇ ಇಲ್ಲವೇ ಎಂಬುದನ್ನು ಗಮನಿಸುತ್ತೇನೆ. ಒಂದು ಹೆಡ್‌ಶಾಟ್ ಏನನ್ನೂ ಸಾಬೀತು ಮಾಡುವುದಿಲ್ಲ. ಅನುಮಾನ ಗಟ್ಟಿಯಾದರೆ ಆಟದೊಳಗಿನ ರಿಪೋರ್ಟ್ ಒತ್ತಿ, ಐಡಿ, ಮ್ಯಾಚಿನ ಸಮಯ ಮತ್ತು ಚಿಕ್ಕ ವಿಡಿಯೊ ತುಣುಕನ್ನು ಗ್ರಾಹಕ ಬೆಂಬಲಕ್ಕೆ ಕಳಿಸುತ್ತೇನೆ.

ಪ್ರಸಾರದಲ್ಲಿ ಮಾತ್ರ ಆ ಹೆಸರನ್ನು ಎತ್ತುವುದಿಲ್ಲ. "ಅಣ್ಣಾ, ಅವನ ಐಡಿ ತೋರ್ಸಿ, ಎಲ್ರೂ ರಿಪೋರ್ಟ್ ಹೊಡೀತೀವಿ" ಎಂದು ಚಾಟ್ ತುಂಬುತ್ತದೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಒಪ್ಪುವುದಿಲ್ಲ. ನನ್ನ ಊಹೆ ತಪ್ಪಾಗಿದ್ದರೆ ಯಾವನೋ ಹುಡುಗನ ಮೇಲೆ ಸಾವಿರಾರು ಜನರನ್ನು ಛೂ ಬಿಟ್ಟಂತಾಗುತ್ತದೆ. ಊಹೆ ಸರಿಯಾಗಿದ್ದರೆ ಅವನಿಗೆ ಬೇಕಾಗಿದ್ದೂ ಅದೇ. ಸ್ಟ್ರೀಮರ್‌ನನ್ನು ಹೊಡೆದ ತುಣುಕು ಟೆಲಿಗ್ರಾಮ್‌ನಲ್ಲಿ ಹ್ಯಾಕ್ ಮಾರುವವರಿಗೆ ಬಿಟ್ಟಿ ಜಾಹೀರಾತು. ನಾನು ಕಿರುಚಾಡಿದಷ್ಟೂ ಅದರ ಬೆಲೆ ಏರುತ್ತದೆ. ಯಾರು ಯಾರನ್ನು ಕೊಂದರೆಂದು ತೋರಿಸುವ ಕಿಲ್ ಫೀಡ್‌ನಲ್ಲಿ ಹೆಸರು ಕಂಡರೆ ಕಾಣಲಿ, ನಾನು ಅದನ್ನು ಓದುವುದಿಲ್ಲ. ಚಾಟ್‌ನಲ್ಲಿ ಬಂದು ಮೆರೆಯುವವರನ್ನು ಮಾಡರೇಟರ್‌ಗಳು ಮಾತಿಲ್ಲದೆ ಮರೆಮಾಡುತ್ತಾರೆ.

ಕಸ್ಟಮ್ ರೂಮ್‌ಗಳಲ್ಲಿ ಹತೋಟಿ ನಮ್ಮ ಕೈಯಲ್ಲಿರುವುದರಿಂದ ಕೆಲಸ ಹಗುರ. ರೂಮ್ ಐಡಿ ಮತ್ತು ಪಾಸ್‌ವರ್ಡ್ ಪರದೆಯ ಮೇಲೆ ಹಾಕುವುದಿಲ್ಲ. ಮೊದಲೇ ಹೆಸರು ನೋಂದಾಯಿಸಿದವರಿಗೆ ಡಿಸ್ಕಾರ್ಡ್ ಎಂಬ ಸಂದೇಶ ಆ್ಯಪಿನಲ್ಲಿ ಹೋಗುತ್ತದೆ. ಬಹುಮಾನವಿದ್ದರೆ ಪಿಒವಿ, ಅಂದರೆ ಆಟಗಾರನ ಸ್ವಂತ ಪರದೆಯ, ರೆಕಾರ್ಡಿಂಗ್ ಕಡ್ಡಾಯ, ಕೇಳಿದಾಗ ಕೊಡದವರಿಗೆ ಬಹುಮಾನವಿಲ್ಲ.

ಸ್ಟ್ರೀಮರ್‌ನ ಸ್ವಂತ ಖಾತೆಯೂ ಸಾಧನವೂ ಗುರಿಯಾಗಬಹುದೆಂಬುದನ್ನು ಮರೆಯಬಾರದು. 2024ರ ಮಾರ್ಚ್‌ನಲ್ಲಿ ಏಪೆಕ್ಸ್ ಲೆಜೆಂಡ್ಸ್ ಎಂಬ ಆಟದ ಉತ್ತರ ಅಮೆರಿಕ ಫೈನಲ್ ನಡೆಯುತ್ತಿದ್ದಾಗಲೇ, ಹ್ಯಾಕ್ ಬಳಸದ ಇಬ್ಬರು ಹೆಸರಾಂತ ಆಟಗಾರರ ಪರದೆಯಲ್ಲಿ ಹೊರಗಿನವನೊಬ್ಬ ಹ್ಯಾಕ್ ಚಾಲೂ ಮಾಡಿದ್ದರಿಂದ ಪಂದ್ಯಾವಳಿಯನ್ನೇ ಮುಂದೂಡಬೇಕಾಯಿತು. ಅಂದಿನಿಂದ ಸ್ಟ್ರೀಮ್ ಮಾಡುವ ಕಂಪ್ಯೂಟರಿನಲ್ಲಿ ಅಪರಿಚಿತರು ಕಳಿಸಿದ ಯಾವ ಲಿಂಕನ್ನೂ ನಾನು ತೆರೆಯುವುದಿಲ್ಲ. ಯೂಟ್ಯೂಬ್ ಖಾತೆಗೂ ಆಟದ ಖಾತೆಗೂ ಬೇರೆಬೇರೆ ಇಮೇಲ್, ಎರಡು ಹಂತದ ಪರಿಶೀಲನೆ ಇಟ್ಟಿದ್ದೇನೆ.

ಡಿಲೇಗೂ ಬಗ್ಗದ ಸಂದರ್ಭವೊಂದು ಉಳಿದಿದೆ. ಸೀಸನ್ ಮುಗಿಯುವ ದಿನಗಳಲ್ಲಿ ಕಾಂಕರರ್ ದರ್ಜೆಗಾಗಿ, ಅಂದರೆ ಮೊದಲ 500ರೊಳಗೆ ನಿಲ್ಲಲು, ರಾತ್ರಿ ಆಡುವಾಗ ಲಾಬಿಯಲ್ಲಿ ಅವವೇ ಹೆಸರುಗಳು ಮತ್ತೆಮತ್ತೆ ಎದುರಾಗುತ್ತವೆ. ಸ್ಟ್ರೀಮ್ ನೋಡದೆಯೂ ಅವರಿಗೆ ನಾನು ಸಿಗುತ್ತೇನೆ. ಆ ಮ್ಯಾಚುಗಳನ್ನು ನಾನು ನೇರಪ್ರಸಾರ ಮಾಡುವುದನ್ನೇ ಬಿಟ್ಟು, ರೆಕಾರ್ಡ್ ಮಾಡಿ, ಮಾತು ಸೇರಿಸಿ ಮರುದಿನ ಹಾಕುತ್ತೇನೆ.