ಊರಿಗೆಲ್ಲ ಅರ್ಜಿ ಟೈಪ್ ಮಾಡಿದವನು ತನಗೊಂದು ಅರ್ಜಿ ಬರೆದುಕೊಂಡದ್ದು

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಪಹಣಿ ತಿದ್ದುಪಡಿಗೆ, ವಿಧವಾ ವೇತನಕ್ಕೆ, ಕೊಬ್ಬರಿ ದುಡ್ಡು ಕೊಡದೆ ಸತಾಯಿಸುವ ವ್ಯಾಪಾರಿಯ ಮೇಲಿನ ದೂರಿಗೆ, ಹೀಗೆ ಹದಿನೆಂಟು ವರ್ಷದಿಂದ ಊರವರ ಅರ್ಜಿ ಟೈಪ್ ಮಾಡಿಕೊಟ್ಟವನು ನಾನು. ಸಾಲ ವಸೂಲಿಯವರ ಮೇಲೆ ದೂರು ಬರೆಯುವ ನನ್ನ ಸರದಿ ಬಂದಾಗ ಮಾತ್ರ ಒಂದು ಸಾಲೂ ಹೊಳೆಯಲಿಲ್ಲ. ಫೋನ್ ಸೈಲೆಂಟ್‌ಗೆ ಹಾಕಿ ಮೆಷಿನ್ ಹಿಂದೆ ಕೂತುಬಿಟ್ಟೆ.

2022ರ ಜುಲೈನಲ್ಲಿ ಹೊಸ ಮೆಷಿನ್‌ಗೆಂದು ಒಂದು ಫೈನಾನ್ಸ್ ಕಂಪನಿಯಲ್ಲಿ 1,80,000 ರೂಪಾಯಿ ಸಾಲ ಮಾಡಿದ್ದೆ. ಶೇ 24 ಬಡ್ಡಿ, 36 ಕಂತು, ತಿಂಗಳಿಗೆ 7,062. ಹದಿನೈದು ಕಂತಿನವರೆಗೆ ಒಂದೂ ತಪ್ಪಲಿಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಅಂಗಡಿ ಇಪ್ಪತ್ತು ದಿನ ಮುಚ್ಚಿತ್ತು. ನವೆಂಬರ್, ಡಿಸೆಂಬರ್, ಜನವರಿ ಮೂರೂ ಕಂತು ಬೌನ್ಸ್.

ಮೊದಲು ಫೋನ್ ಮಾಡಿದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ನಾನು ಮಾಡಿದ ಮೊದಲ ತಪ್ಪು ಅಲ್ಲೇ ಇದೆ: ‘ಸೋಮವಾರ ಕಟ್ಟುತ್ತೇನೆ’ ಅಂದೆ. ಕೈಯಲ್ಲಿ ದುಡ್ಡಿರಲಿಲ್ಲ, ಆ ಹೊತ್ತಿಗೆ ಫೋನ್ ಇಟ್ಟರೆ ಸಾಕಾಗಿತ್ತು. ಸೋಮವಾರ ಹೋಯಿತು, ನನ್ನ ಮಾತೂ ಹೋಯಿತು. ಆಮೇಲೆ ಬಂದ ದನಿಗಳು ಬೇರೆ. ಬೆಳಿಗ್ಗೆ 6.40ಕ್ಕೆ ಒಂದು, ರಾತ್ರಿ ಒಂಬತ್ತೂವರೆಗೆ ಇನ್ನೊಂದು. ‘ಸಾರ್’ ಹೋಗಿ ‘ಏನಪ್ಪಾ’ ಬಂತು, ಅದೂ ಹೋಗಿ ‘ನೀನು’ ಉಳಿಯಿತು. ‘ದುಡ್ಡು ಎಣಿಸಿಕೊಳ್ಳುವಾಗ ಚೆನ್ನಾಗಿತ್ತಾ?’ ಅಂತ ನನ್ನ ಮಗನ ವಯಸ್ಸಿನವನೊಬ್ಬ ಕೇಳಿದ. ಬೆಂಗಳೂರಿನಲ್ಲಿರುವ ಭಾವನ ನಂಬರನ್ನು ರೆಫರೆನ್ಸ್ ಎಂದು ಕೊಟ್ಟಿದ್ದೆ, ಅವರಿಗೂ ಫೋನ್ ಹೋಯಿತು. ಅದು ಅಕ್ಕನ ಅತ್ತೆಯವರೆಗೂ ಮುಟ್ಟಿತು. ಅಲ್ಲಿಗೆ ನನಗೆ ಅಸಹ್ಯವಾಯಿತು.

ಒಂದು ಮಧ್ಯಾಹ್ನ ಇಬ್ಬರು ವಸೂಲಿ ಏಜೆಂಟರು ಅಂಗಡಿಗೇ ಬಂದರು. ಗಿರಾಕಿಗಳ ಬೆಂಚಿನ ಮೇಲೆ ಕಾಲು ಚಾಚಿ ಕೂತು, ‘ಇವರ ಹತ್ತಿರ ಜೆರಾಕ್ಸ್ ಮಾಡಿಸಬೇಡಿ, ಆಧಾರ್ ಕಾಪಿ ಇಟ್ಟುಕೊಂಡು ನಿಮ್ಮ ಹೆಸರಲ್ಲೂ ಸಾಲ ಎತ್ತುತ್ತಾರೆ’ ಅಂತ ಜೋರಾಗಿ ನಕ್ಕರು. ಇಬ್ಬರು ಹೆಂಗಸರು ಕಾಗದ ವಾಪಸ್ ತೆಗೆದುಕೊಂಡು ಹೋದರು. ಆ ದಿನ ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಅದೇ ರಾತ್ರಿ ವಾಟ್ಸಾಪ್‌ಗೆ ಒಂದು ‘ಅರೆಸ್ಟ್ ವಾರೆಂಟ್’ ಬಂತು. ಕೆಂಪು ಅಕ್ಷರ, ಮೇಲೆ ನಾಲ್ಕು ಸಿಂಹ, ಕೆಳಗೆ ದುಂಡನೆ ಸೀಲು. ಹೆಂಡತಿ ಅಳತೊಡಗಿದಳು. ನಾನು ಮೊಬೈಲಿನಲ್ಲಿ ಅದನ್ನು ಹಿಗ್ಗಿಸಿ ನೋಡಿದೆ, ಕಸುಬಿನ ಚಾಳಿ. ಸೀಲಿನ ಸುತ್ತ ತೆಳ್ಳಗೆ ಬಿಳಿ ಚೌಕ ಕಾಣುತ್ತಿತ್ತು. ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದ್ದಾರೆ, ಹಿನ್ನೆಲೆ ತೆಗೆಯುವಷ್ಟೂ ವ್ಯವಧಾನ ಇರಲಿಲ್ಲ. ಕೇಸ್ ನಂಬರ್ ಇಲ್ಲ, ಯಾವ ಕೋರ್ಟು ಅಂತಿಲ್ಲ, ನ್ಯಾಯಾಧೀಶರ ಸಹಿ ಇರಬೇಕಾದ ಕಡೆ ‘ಲೀಗಲ್ ಡಿಪಾರ್ಟ್‌ಮೆಂಟ್’ ಎಂದಿದೆ. ನನ್ನ ಅಂಗಡಿಯಲ್ಲಿ ಕಲಿಯಲು ಬರುವ ಹುಡುಗರು ಇದಕ್ಕಿಂತ ಚೆನ್ನಾಗಿ ಮದುವೆ ಕಾರ್ಡ್ ಮಾಡುತ್ತಾರೆ. ಹೆದರಿಕೆ ಅರ್ಧ ಇಳಿದದ್ದು ಆ ಬಿಳಿ ಚೌಕ ಕಂಡಾಗಲೇ.

ಮರುದಿನ, ನನ್ನಲ್ಲಿ ನೋಟಿಸ್ ಟೈಪ್ ಮಾಡಿಸುವ ವಕೀಲರೊಬ್ಬರಿಗೆ ತೋರಿಸಿದೆ. ‘ಸಾಲ ಕಟ್ಟಲು ಆಗದಿರುವುದು ಅಪರಾಧವಲ್ಲ, ಅದಕ್ಕೆ ಯಾರೂ ನಿನ್ನನ್ನು ಎಳಕೊಂಡು ಹೋಗಲ್ಲ’ ಅಂದರು. ಒಂದು ಎಚ್ಚರಿಕೆಯನ್ನೂ ಕೊಟ್ಟರು. ಚೆಕ್ ಬೌನ್ಸ್ ಆದರೆ ಕಲಂ 138ರ ಕೇಸು ನಿಜವಾದ ಕ್ರಿಮಿನಲ್ ಕೇಸು, ಎರಡು ವರ್ಷದವರೆಗೂ ಜೈಲಿಗೆ ಅವಕಾಶ ಇದೆ. ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಬೌನ್ಸ್ ಆದರೂ 2007ರ ಪೇಮೆಂಟ್ ಕಾಯ್ದೆಯ ಕಲಂ 25ರಲ್ಲಿ ಹಾಗೇ. ಆದರೆ ಅದಕ್ಕೆ ಮೊದಲು ಲಿಖಿತ ನೋಟಿಸ್ ಬರಬೇಕು, ಕೈಸೇರಿದ ಮೇಲೆ ಕಟ್ಟಲು 15 ದಿನ ಸಿಗುತ್ತದೆ. ‘ವಾಟ್ಸಾಪ್ ವಾರೆಂಟನ್ನು ಕಸದ ಬುಟ್ಟಿಗೆ ಹಾಕು, ರಿಜಿಸ್ಟರ್ಡ್ ಪೋಸ್ಟನ್ನು ಮಾತ್ರ ವಾಪಸ್ ಕಳಿಸಬೇಡ’ ಅಂದರು. ಎಲ್ಲ ಬೆದರಿಕೆಯೂ ಸುಳ್ಳು ಎಂದು ಧೈರ್ಯ ಹೇಳುವವರು ಈ ಭಾಗವನ್ನು ನುಂಗಿಬಿಡುತ್ತಾರೆ.

ಆವತ್ತು ಒಂದು ಇನ್ನೂರು ಪೇಜಿನ ನೋಟ್‌ಬುಕ್ ತೆಗೆದೆ. ತಾರೀಖು, ಗಂಟೆ, ನಂಬರ್, ಅವರು ಹೇಳಿದ ಹೆಸರು, ಆಡಿದ ಮಾತು ಎಲ್ಲವನ್ನೂ ಬರೆಯತೊಡಗಿದೆ. ಫೋನಿನಲ್ಲಿ ಕಾಲ್ ರೆಕಾರ್ಡ್ ಹಾಕಿದೆ. ಭಾವನಿಗೆ ಹೇಳಿ ಅವರಿಗೆ ಬಂದ ಕಾಲ್‌ಗಳ ಸ್ಕ್ರೀನ್‌ಶಾಟ್ ತರಿಸಿದೆ. ಹತ್ತು ದಿನದಲ್ಲಿ 61 ಕಾಲ್, ಅದರಲ್ಲಿ 17 ಹೊತ್ತಲ್ಲದ ಹೊತ್ತಿನವು. ಇನ್ನೊಂದೂ ಗೊತ್ತಾಯಿತು: ಒಬ್ಬ ಬಾಕಿ 35 ಸಾವಿರ ಅನ್ನುತ್ತಿದ್ದ, ಇನ್ನೊಬ್ಬ 40, ಮತ್ತೊಬ್ಬ ‘ಈಗಲೇ ನನ್ನ ಫೋನ್‌ಪೇಗೆ 20 ಹಾಕಿ, ಮುಗಿಸಿಬಿಡ್ತೀನಿ’ ಅಂದ. ಅವನ ನಂಬರಿಗೆ ಹಾಕಿದ್ದರೆ ಸಾಲದ ಖಾತೆಗೆ ಒಂದು ಪೈಸೆಯಾದರೂ ಸೇರುತ್ತಿತ್ತೋ ದೇವರೇ ಬಲ್ಲ.

ನಿಯಮ ಹುಡುಕಿ ಓದಿದೆ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ಹೊರಡಿಸಿದ ಸುತ್ತೋಲೆ ನನ್ನ ಪ್ರಿಂಟರ್‌ನಲ್ಲಿ ಮುದ್ರಣವಾಗಿ ಬಂದಾಗ ಪೆನ್ನು ಹಿಡಿದು ಗೆರೆ ಎಳೆದೆ. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬಾಯಲ್ಲಾಗಲಿ ಕೈಯಲ್ಲಾಗಲಿ ಬೆದರಿಸುವಂತಿಲ್ಲ. ನಾಲ್ಕು ಜನರ ಮುಂದೆ ಅವಮಾನ ಮಾಡುವಂತಿಲ್ಲ. ಮನೆಯವರ, ಸ್ನೇಹಿತರ, ರೆಫರೆನ್ಸ್ ಕೊಟ್ಟವರ ತಂಟೆಗೆ ಹೋಗುವಂತಿಲ್ಲ. ಏಜೆಂಟ್ ಹೊರಗುತ್ತಿಗೆಯವನಾದರೂ ಅವನು ಮಾಡಿದ್ದಕ್ಕೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ. ಏಜೆಂಟ್ ಬರಲೇಬಾರದು ಎಂದು ಎಲ್ಲೂ ಇಲ್ಲ. ಬರಬಹುದು, ಗುರುತಿನ ಚೀಟಿ ಮತ್ತು ಕಂಪನಿಯ ಅಧಿಕಾರಪತ್ರ ಇಟ್ಟುಕೊಂಡು ಮನುಷ್ಯರ ಹಾಗೆ ಮಾತಾಡಬೇಕು, ಅಷ್ಟೆ.

ಸುತ್ತೋಲೆ ಕೈಯಲ್ಲಿ ಹಿಡಿದ ಉತ್ಸಾಹದಲ್ಲಿ ಎರಡನೇ ತಪ್ಪು ಮಾಡಿದೆ. ಜನವರಿ ಕೊನೆಗೆ ನೇರವಾಗಿ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಜಾಲತಾಣಕ್ಕೆ ದೂರು ಹಾಕಿದೆ. ಕೆಲವೇ ದಿನದಲ್ಲಿ ಮುಚ್ಚಿದರು. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕಂತೆ, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಮಾತ್ರ ಅಲ್ಲಿಗೆ. ತಾಲ್ಲೂಕು ಕಚೇರಿಗೆ ಹೋಗದೆ ನೇರ ಡಿಸಿ ಕಚೇರಿಗೆ ಅರ್ಜಿ ಬರೆಸಿಕೊಂಡು ಹೋಗುವವರಿಗೆ ನಾನೇ ಬುದ್ಧಿ ಹೇಳುತ್ತಿದ್ದೆ!

ಸಾಲದ ಕರಾರಿನ ಕೊನೆಯ ಪುಟದಲ್ಲಿ ಕುಂದುಕೊರತೆ ಅಧಿಕಾರಿಯ ವಿಳಾಸ, ಇ-ಮೇಲ್ ಇತ್ತು. ಫೆಬ್ರವರಿ 3ರಂದು ಕೂತು ಬರೆದೆ. ಒಂದೇ ಪುಟ. ‘ಸಾಲ ಪಡೆದಿದ್ದೇನೆ, ಮೂರು ಕಂತು ಬಾಕಿ ಇದೆ, ಕಟ್ಟುವ ಮನಸ್ಸಿದೆ’ ಎಂದು ಶುರು ಮಾಡಿದೆ. ಇದನ್ನು ಮೊದಲೇ ಬರೆದದ್ದು ಒಳ್ಳೆಯದಾಯಿತು, ದುಡ್ಡು ನುಂಗಲು ದೂರು ಕೊಡುತ್ತಿದ್ದಾನೆ ಎನ್ನಲು ಜಾಗ ಉಳಿಯಲಿಲ್ಲ. ಆಮೇಲೆ ಕೇಳಿದ್ದು: ಬಾಕಿಯ ಬಾಬತ್ತುವಾರು ಲೆಕ್ಕ ಕೊಡಿ. ನನ್ನ ಖಾತೆ ಯಾವ ಏಜೆನ್ಸಿಗೆ ವಹಿಸಿದ್ದೀರಿ, ಬಂದವರ ಹೆಸರೇನು, ತಿಳಿಸಿ. ನನ್ನ ನಂಬರಿಗೆ ಮಾತ್ರ, 8ರಿಂದ 7ರೊಳಗೆ ಫೋನ್ ಮಾಡಿ. ಕೊನೆಗೆ, ಚಾಲ್ತಿ ಕಂತನ್ನು ತಪ್ಪದೆ ಕಟ್ಟುತ್ತೇನೆ, ಹಳೇ ಬಾಕಿಗೆ ಮೂರು ತಿಂಗಳ ಗಡುವು ಕೊಡಿ. ನೋಟ್‌ಬುಕ್‌ನ ಪುಟಗಳನ್ನು ಜೆರಾಕ್ಸ್ ಮಾಡಿ ಲಗತ್ತಿಸಿದೆ. ಇ-ಮೇಲ್ ಕಳಿಸಿ, ಅದನ್ನೇ ಅಂಚೆ ಕಚೇರಿಯಲ್ಲಿ ಸ್ವೀಕೃತಿ ಕಾರ್ಡ್ ಸಮೇತ ರಿಜಿಸ್ಟರ್ ಮಾಡಿದೆ. ‘ನೊಂದಿದ್ದೇನೆ, ಕುಗ್ಗಿದ್ದೇನೆ’ ಎಂಬ ಮಾತುಗಳನ್ನೆಲ್ಲ ಅಳಿಸಿಹಾಕಿದ್ದೆ. ತಾರೀಖು, ಗಂಟೆ ಸಾಕು.

ಮುಂದಿನ ವಾರ ಅದೇ ಇಬ್ಬರು ಮತ್ತೆ ಬಂದರು. ಈ ಸಲ ಕಂಪ್ಯೂಟರ್ ಮುಂದಿನಿಂದ ಏಳಲಿಲ್ಲ. ‘ಅಧಿಕಾರಪತ್ರ ಕೊಡಿ, ಜೆರಾಕ್ಸ್ ತೆಗೆದುಕೊಳ್ಳುತ್ತೇನೆ, ದುಡ್ಡು ಬೇಡ’ ಅಂದೆ. ಒಬ್ಬ ಜೇಬು ತಡಕಿದ, ಇನ್ನೊಬ್ಬ ಬಾಗಿಲಿಗೆ ಅಡ್ಡ ನಿಂತು ಬೈಯಲು ಶುರು ಮಾಡಿದ. 112ಕ್ಕೆ ಫೋನ್ ಮಾಡಿದೆ. ಗಾಡಿ ಬರುವಷ್ಟರಲ್ಲಿ ಅವರಿರಲಿಲ್ಲ. ಠಾಣೆಯಲ್ಲಿ ‘ಇದು ಹಣಕಾಸಿನ ವ್ಯವಹಾರ, ನೀವೇ ಬಗೆಹರಿಸಿಕೊಳ್ಳಿ’ ಅಂದರು. ‘ಸಾಲ ವಸೂಲಿ ಮಾಡಿಕೊಡಿ ಅನ್ನುತ್ತಿಲ್ಲ ಸಾರ್, ಅಂಗಡಿಗೆ ನುಗ್ಗಿ ಬೆದರಿಸಿದ್ದಕ್ಕೆ ಅರ್ಜಿ ಕೊಡುತ್ತಿದ್ದೇನೆ, ಅರ್ಜಿ ಮುಟ್ಟಿದ್ದಕ್ಕೆ ಹಿಂಬರಹ ಕೊಡಿ’ ಅಂತ ಟೈಪ್ ಮಾಡಿದ ಎರಡು ಪ್ರತಿ ಮುಂದಿಟ್ಟೆ. ಅರ್ಧ ಗಂಟೆ ಕೂರಿಸಿ ಸೀಲು ಹಾಕಿ ಕೊಟ್ಟರು. ಎಫ್ಐಆರ್ ಆಗಲಿಲ್ಲ. ಆ ಸೀಲು ಮುಂದೆ ಕೆಲಸಕ್ಕೆ ಬಂತು.

ಫೆಬ್ರವರಿಯಿಂದ ಕಂತಿನ ದಿನಕ್ಕೆ ಖಾತೆಯಲ್ಲಿ 7,062 ಇರುವಂತೆ ನೋಡಿಕೊಂಡೆ, ಹೆಂಡತಿಯ ಬಳೆ ಅಡವಿಟ್ಟು. ಕಂಪನಿಯಿಂದ ಬಂದದ್ದು ‘ನಿಮ್ಮ ದೂರು ಸ್ವೀಕರಿಸಲಾಗಿದೆ’ ಎಂಬ ಒಂದೇ ಸಾಲು. ಮಾರ್ಚ್ 6ಕ್ಕೆ ಮೂವತ್ತು ದಿನ ದಾಟಿತ್ತು. ಓಂಬುಡ್ಸ್‌ಮನ್‌ಗೆ ಮತ್ತೆ ದೂರು ಹಾಕಿದೆ, ಈ ಸಲ ಅಂಚೆಯ ಸ್ವೀಕೃತಿ ಕಾರ್ಡು, ಹಿಂಬರಹ, ಪುಟಗಳು ಎಲ್ಲ ಪಿಡಿಎಫ್ ಮಾಡಿ. ಖರ್ಚು ಸೊನ್ನೆ, ವಕೀಲರೂ ಬೇಕಾಗಲಿಲ್ಲ. ಇಂಟರ್‌ನೆಟ್ ಬಾರದವರು ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕರಿಸುವ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು, 14448ಕ್ಕೆ ಫೋನ್ ಮಾಡಿ ವಿಚಾರಿಸಬಹುದು.

ಎರಡು ವಾರ ಕಳೆದಿರಲಿಲ್ಲ, ಕಂಪನಿಯ ಹಿರಿಯ ಅಧಿಕಾರಿಯೊಬ್ಬರ ಫೋನ್ ಬಂತು. ಮತ್ತೆ ‘ಸಾರ್’ ಆಗಿದ್ದೆ. ಜೊತೆಗೆ ಲೆಕ್ಕವೂ ಬಂತು, ಅದರ ಪ್ರಕಾರ ಒಟ್ಟು ಬಾಕಿ 31,400. ಮೂರು ಕಂತಿಗೆ 21,186. ತಡವಾದದ್ದಕ್ಕೆ ದಂಡ 3,584. ಬೌನ್ಸ್ ಚಾರ್ಜು ತಲಾ 590ರಂತೆ ಏಳು ಸಲ, ಅಂದರೆ 4,130. ‘ವಿಸಿಟ್ ಚಾರ್ಜ್’ 2,500. ಅಂದರೆ ನನ್ನ ಅಂಗಡಿಗೆ ಬಂದು ನನ್ನನ್ನು ಬೈದದ್ದಕ್ಕೆ ನನ್ನಿಂದಲೇ ಫೀಸು! ಕರಾರು ತಿರುವಿ ನೋಡಿದೆ, ವಿಸಿಟ್ ಚಾರ್ಜ್ ಎಂಬ ಪದವೇ ಇಲ್ಲ. ಮೂರು ಕಂತಿಗೆ ಏಳು ಬೌನ್ಸ್ ಹೇಗೆ ಎಂದು ಕೇಳಿದೆ. ಒಂದೇ ಕಂತಿಗೆ ಮತ್ತೆ ಮತ್ತೆ ಬ್ಯಾಂಕಿಗೆ ಹಾಕಿದ್ದರು. ಮೂರು ಬೌನ್ಸ್ ಉಳಿಸಿಕೊಂಡು ನಾಲ್ಕು ತೆಗೆದರು, ವಿಸಿಟ್ ಚಾರ್ಜೂ ಹೋಯಿತು. ಉಳಿದ 26,540ನ್ನು ಮೂರು ತಿಂಗಳಲ್ಲಿ ಕಟ್ಟುವುದೆಂದು ಇ-ಮೇಲ್‌ನಲ್ಲಿ ಬರೆಸಿಕೊಂಡೆ. ದಂಡ ಬಿಡಿ ಎಂದು ಕೇಳಿದೆ, ಬಿಡಲಿಲ್ಲ. ಅದು ಕರಾರಿನಲ್ಲಿತ್ತು, ಕಟ್ಟಿದೆ. ಅವಮಾನಕ್ಕೆ ಪರಿಹಾರ ಕೇಳಬಹುದಿತ್ತು, ಬಳೆ ಬಿಡಿಸುವ ಯೋಚನೆಯಲ್ಲಿ ಆ ತಂಟೆಗೆ ಹೋಗಲಿಲ್ಲ.

ನಡುವೆ ಒಬ್ಬ ‘ಸೆಟಲ್‌ಮೆಂಟ್’ ಆಸೆ ತೋರಿಸಿದ್ದ, ಎಪ್ಪತ್ತು ಸಾವಿರಕ್ಕೆ ಇಡೀ ಸಾಲ ಚುಕ್ತಾ ಎಂದು. ನಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ಪೂರ್ತಿ ಕಟ್ಟಿದ ‘ಕ್ಲೋಸ್ಡ್’ ಬೇರೆ, ಕಡಿಮೆ ಕಟ್ಟಿ ಮುಗಿಸಿದ ‘ಸೆಟಲ್ಡ್’ ಬೇರೆ. ಎರಡನೆಯದು ಇದ್ದರೆ ಮುಂದೆ ಸಾಲ ಕೊಡುವವರು ಮುಖ ತಿರುಗಿಸುತ್ತಾರೆ. ನನಗೆ ಇನ್ನೊಂದು ಮೆಷಿನ್ ಬೇಕಾಗಬಹುದು, ಬೇಡ ಅಂದೆ. ಏನೂ ದಾರಿಯಿಲ್ಲದವರಿಗೆ ಅದೂ ಒಂದು ದಾರಿಯೇ, ಆದರೆ ಪತ್ರ ಕೈಗೆ ಬಾರದೆ ದುಡ್ಡು ಹಾಕಬಾರದು. ಕೊನೆಯ ಕಂತು 2025ರ ಜುಲೈಗೆ ಮುಗಿಯಿತು. ನೋ ಡ್ಯೂ ಸರ್ಟಿಫಿಕೇಟ್ ಲ್ಯಾಮಿನೇಷನ್ ಮಾಡಿಟ್ಟಿದ್ದೇನೆ, ಲ್ಯಾಮಿನೇಷನ್ ಮೆಷಿನ್ ಅಂತೂ ನನ್ನದೇ.

ಈಗ ಅಂಗಡಿಗೆ ಇಂಥವರೇ ಹೆಚ್ಚು ಬರುತ್ತಾರೆ, ಅದರಲ್ಲೂ ಸಂಘದ ಸಾಲದ ಹೆಂಗಸರು. ಇಂಥ ಕಿರುಸಾಲಕ್ಕೆ, ಅಂದರೆ ಮೈಕ್ರೋಫೈನಾನ್ಸ್‌ಗೆ, ನಿಯಮ ಇನ್ನೂ ಬಿಗಿ: ಬೆಳಿಗ್ಗೆ 9ರಿಂದ ಸಂಜೆ 6, ಒಪ್ಪಿದ ಜಾಗದಲ್ಲೇ ವಸೂಲಿ, ಸತತ ಎರಡು ಸಲ ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಬಾಗಿಲಿಗೆ. 2025ರ ಫೆಬ್ರವರಿಯಲ್ಲಿ ರಾಜ್ಯದ ಸುಗ್ರೀವಾಜ್ಞೆ ಬಂದಾಗ, 10 ವರ್ಷ ಜೈಲು, 5 ಲಕ್ಷ ದಂಡ ಎಂಬ ಸುದ್ದಿ ಓದಿ ‘ಸಾಲವೇ ಮನ್ನಾ ಅಂತೆ ಅಣ್ಣ’ ಅಂತ ಸಿಹಿ ತಂದವರೂ ಇದ್ದರು. ಮನ್ನಾ ಎಂಬುದು ನೋಂದಣಿಯಿಲ್ಲದ ಲೇವಾದೇವಿಯವರ ಸಾಲಕ್ಕೆ, ರಿಸರ್ವ್ ಬ್ಯಾಂಕಿನ ನೋಂದಣಿ ಇರುವ ಕಂಪನಿಯ ಸಾಲ ಸಾಲವಾಗಿಯೇ ಇರುತ್ತದೆ ಎಂದು ಹೇಳಿ ಅವರ ಮುಖ ಬಾಡಿಸಿದವನು ನಾನೇ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ ಎಂದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸುತ್ತೇನೆ.

ನನ್ನ ಆ ಒಂದು ಪುಟದ ಅರ್ಜಿ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೇ ಇದೆ. ಹೆಸರು, ಸಾಲದ ಖಾತೆ ನಂಬರ್, ತಾರೀಖುಗಳ ಜಾಗ ಖಾಲಿ ಬಿಟ್ಟಿದ್ದೇನೆ. ಟೈಪಿಂಗ್‌ಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಪ್ರಿಂಟಿಗೆ ಮಾತ್ರ ಪುಟಕ್ಕೆ ಐದು ರೂಪಾಯಿ. ನೋಟ್‌ಬುಕ್ ತರದೆ ಬಂದವರನ್ನು ವಾಪಸ್ ಕಳಿಸುತ್ತೇನೆ.